ಕೆಂಪು ಡಬ್ಬದ ಕಲಾವಿದ

ನಾನು ತಮಾಷೆಗೆಂದು ಫೋನಿನಲ್ಲಿ ತೆರೆದ ಒಂದು ಪುಟದಿಂದಾಗಿ, ಮೂವತ್ತು ವರ್ಷ ಲೇತಿನ ಮುಂದೆ ನಿಂತಿದ್ದ ಮನುಷ್ಯನೊಬ್ಬ ಆ ಲೇತು ಬಿಟ್ಟು ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸಲು ಹೋಗಬೇಕಾಯಿತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ ಮುಂದೆ ನಾನು ನಿಮ್ಮನ್ನು ನಗಿಸಲು ಬಹಳ ಒದ್ದಾಡುತ್ತೇನೆ. ನಗುತ್ತ ನಗುತ್ತ ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಬಿಡುವ ಅಪಾಯವಿದೆ.

ನಾನು ಐಟಿಐ ಮುಗಿಸಿ ಟ್ರೈನಿಯಾಗಿ ಸೇರಿದ್ದು ಚಂದಾಪುರದ ಹಿಂಬದಿಯ ಒಂದು ಶೆಡ್ಡಿಗೆ. ಉಕ್ಕನ್ನು ತಿರುಗಿಸಿ ಕೊರೆಯುವ ನಾಲ್ಕು ಲೇತು, ಎರಡು ಡ್ರಿಲ್ಲಿಂಗ್ ಮೆಷೀನು, ತಪಾಸಣೆಯ ಒಂದು ಮೇಜು, ಅದರ ಮೇಲೆ ಗೋಡೆಗೆ ಮೂರು ಧರ್ಮದ ದೇವರ ಪಟ. ಆಡಿಟ್‌ಗೆ ಬರುವವರು ಯಾವ ಧರ್ಮದವರೋ ಗೊತ್ತಿರುವುದಿಲ್ಲವಲ್ಲ. ಶೆಡ್ಡು ನಿಂತ ಜಾಗ ಮಾಲೀಕರ ತಾತನ ರಾಗಿ ಹೊಲವಾಗಿತ್ತು. ಕಬ್ಬಿಣದ ಛಾವಣಿ ಬಂದು ಎಷ್ಟೋ ವರ್ಷವಾದರೂ ಮಾಲೀಕರು ಮನೆಯಿಂದ ಹೊರಡುವಾಗ "ಒಲದ ತಾವ ಓಗ್ಬತ್ತೀನಿ" ಎಂದೇ ಹೆಂಡತಿಗೆ ಹೇಳುತ್ತಿದ್ದರಂತೆ. ಹೊಲದಲ್ಲಿ ಈಗ ಬೆಳೆಯುತ್ತಿದ್ದುದು ಉಕ್ಕಿನ ಬಳೆ. ಅಂಗೈಯಗಲದ, ತೆಳ್ಳಗಿನ ಬಳೆ. ಯಾವುದೋ ದೊಡ್ಡ ಕಂಪನಿಯ ಯಾವುದೋ ಪಂಪಿನೊಳಗೆ ಕೂರುತ್ತದೆ ಎಂದು ಹೇಳಿದ್ದರು. ಆ ಪಂಪನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ದೇವರನ್ನು ನಂಬಿದ ಹಾಗೆ ಅದನ್ನೂ ನಂಬಿದ್ದೆವು.

ನನಗೆ ಕಲಿಸಲು ಒಪ್ಪಿಸಿದ್ದು ಲೇತು ಓಡಿಸುವ, ವಿಜಯಪುರದ ಕಡೆಯ ಹಿರಿಯ ಟರ್ನರ್ ಒಬ್ಬರಿಗೆ. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಮೊದಲು ಪೀಣ್ಯದ ಕಾರ್ಖಾನೆಗಳಲ್ಲಿ, ಆಮೇಲೆ ಇಲ್ಲಿ, ಒಟ್ಟು ಮೂವತ್ತು ವರ್ಷ ಒಂದೇ ಥರದ ಯಂತ್ರದ ಮುಂದೆ ಒಂದೇ ಥರ ನಿಂತು, ಎಡಗಾಲಿನ ಚಪ್ಪಲಿ ಮಾತ್ರ ಬೇಗ ಸವೆಯುವಂಥ ಮನುಷ್ಯ. ದಿನಕ್ಕೆ ಅವರು ಆಡುತ್ತಿದ್ದ ಮಾತನ್ನು ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆದಿಡಬಹುದಿತ್ತು.

ನನ್ನದು ತದ್ವಿರುದ್ಧ. ಕೈಕೆಲಸಕ್ಕಿಂತ ಬಾಯಿಕೆಲಸ ಚೆನ್ನಾಗಿ ಬರುತ್ತಿತ್ತು. ಟೀವಿಯಲ್ಲಿ ಚರ್ಚೆ ನಡೆಸುತ್ತೇನೆಂದು ಹೇಳಿ ಯಾರಿಗೂ ಮಾತಾಡಲು ಬಿಡದ ಆ್ಯಂಕರು, ಮೈಕು ಸಿಕ್ಕ ತಕ್ಷಣ "ಬಂಧುಗಳೇ" ಎಂದು ಮೂಗಿನಿಂದ ಎಳೆಯುವ ಪುಢಾರಿ, ಟೆಕ್ ಪಾರ್ಕಿನ ಸೆಕ್ಯುರಿಟಿಯ ಮುಂದೆ ತಗ್ಗುವ, ಆಟೋದವನ ಮುಂದೆ ಏರುವ ಸಾಫ್ಟ್‌ವೇರ್ ಸಾರ್, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಒಮ್ಮೆ ಶೆಡ್ಡಿನ ಹಿಂದಿನ ಕಿಟಕಿಯ ಆಚೆ ನಿಂತು ಮಾಲೀಕರ ದನಿಯಲ್ಲಿ, "ಇವತ್ ಕರೆಂಟ್ ಓಯ್ತದಂತೆ, ನಾಕ್ ಗಂಟೆಗೇ ಮನೆಗೋಗ್ರಪ್ಪ" ಎಂದು ಕೂಗಿದ್ದೆ. ಹನ್ನೊಂದು ಜನ ಕೈ ತೊಳೆದು ಹೊರಟೇಬಿಟ್ಟಿದ್ದರು. ಗೇಟಿನಲ್ಲಿ ನಿಜವಾದ ಮಾಲೀಕರು ಎದುರಾದರು. ಆ ದಿನದಿಂದ ನಾನು ಹೊಟ್ಟೆನೋವೆಂದು ಹೇಳಿದರೂ ಅವರು, "ಇದ್ಯಾರ್ ಒಟ್ಟೆನೋವ್ಲಾ?" ಎಂದು ಕೇಳುತ್ತಿದ್ದರು.

ಟೀ ಬಿಡುವು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಇಂಟರ್‌ನೆಟ್ಟಿನಿಂದ ಹೆಕ್ಕಿದ ವಿಚಿತ್ರಗಳನ್ನು ವ್ಯಾಖ್ಯಾನ ಸಮೇತ ಬಡಿಸುವುದು ನನ್ನ ಸಮಾಜಸೇವೆ. ಯಾವುದೋ ದೇಶದಲ್ಲಿ ಒಬ್ಬ ರಸ್ತೆಯಲ್ಲಿ ಬಿದ್ದ ಒಂಟಿ ಕೈಗವಸುಗಳ ಫೋಟೋ ಮಾತ್ರ ತೆಗೆಯುತ್ತಾನೆ, ಎಡಗೈಯದು ಬೇರೆ ಆಲ್ಬಮ್ಮು, ಬಲಗೈಯದು ಬೇರೆ. ಇನ್ನೊಂದು ಕಡೆ ಊರಿನ ಪಾರ್ಕಿನ ಬೆಂಚುಗಳಿಗೆ ಒಬ್ಬ ಅಜ್ಜ ಅಂಕ ಕೊಡುತ್ತಾನೆ, ಬೆನ್ನಿಗೆ ಹಿತವೇ, ಪಾರಿವಾಳದ ಕಾಟವೆಷ್ಟು ಎಂದೆಲ್ಲ. ಮತ್ತೊಂದು ಹಳ್ಳಿಯಲ್ಲಿ ಮೇಕೆಯೊಂದನ್ನು ಮೇಯರ್ ಮಾಡಿ ಕೊರಳಿಗೆ ಪಟ್ಟಿ ಹಾಕಿದ್ದರು. ನಮ್ಮವರು ಬಿದ್ದು ಬಿದ್ದು ನಕ್ಕರು. ನಾನು ಆ್ಯಂಕರನ ದನಿ ತೆಗೆದು, "ವೀಕ್ಷಕರೇ, ನಗುವ ಮುನ್ನ ಯೋಚಿಸಿ. ಅವರಿಗೆ ಮೇಕೆಯಾದರೂ ಇದೆ. ಪಕ್ಕದ ಮಹಾನಗರಕ್ಕೆ ವರ್ಷಗಟ್ಟಲೆ ಮೇಯರೇ ಇರಲಿಲ್ಲ" ಎಂದೆ. ಡ್ರಿಲ್ಲಿಂಗಿನ ಅಣ್ಣ ಹೇಳಿದರು, "ಮೇಕೆ ವಾಸಿ ಬಿಡು ಮಗಾ, ತಿನ್ನೋದು ಎಲೆ ಮಾತ್ರ."

ಇಷ್ಟನ್ನೇ ಹಾಕಲು ಒಂದು ಪುಟ ತೆರೆದೆ. ಹದಿನೇಳು ಜನ ನೋಡುತ್ತಿದ್ದರು. ಅದರಲ್ಲಿ ಹನ್ನೊಂದು ಜನ ನಮ್ಮ ಶೆಡ್ಡಿನವರೇ, ನಾನು ಅವರ ಫೋನು ಕಸಿದು ಒತ್ತಿದವರು.

ಪುಟದ ಯೋಗ ತಿರುಗಿದ್ದು ಕೆಂಪು ಡಬ್ಬದಿಂದ. ಅಳತೆ ತಪ್ಪಿದ ಮಾಲನ್ನು ಹಾಕುವ ಡಬ್ಬ ಅದು. ತಪ್ಪಿದ ಪ್ರತಿ ಬಳೆಗೂ ಒಂದು ಕೆಂಪು ಟ್ಯಾಗು ಕಟ್ಟಬೇಕು. ಅದರಲ್ಲಿ ಮಾಲಿನ ನಂಬರು, ತಾರೀಕು, ಏನು ತಪ್ಪಾಗಿದೆ ಎಂಬ ಕಾರಣ, ಮಾಡಿದವನ ಟೋಕನ್ ನಂಬರು. ಹಿಂದಿನ ದಿನವಷ್ಟೇ ನಾನು ಹೊರದೇಶದ ಗ್ಯಾಲರಿಯೊಂದರ ವಿಡಿಯೋ ನೋಡಿದ್ದೆ. ಒಂದು ಕಾಲು ಗಿಡ್ಡವಾದ ಕುರ್ಚಿಯನ್ನು ಬೆಳಕಿನಡಿ ಇಟ್ಟಿದ್ದರು, ಜನ ಸುತ್ತ ನಿಂತು ಗಲ್ಲಕ್ಕೆ ಬೆರಳಿಟ್ಟುಕೊಂಡಿದ್ದರು. ಅಂಥ ಕುರ್ಚಿ ನಮ್ಮ ಶೆಡ್ಡಿನಲ್ಲಿ ನಾಲ್ಕಿದ್ದವು, ನಾವು ಅದರ ಮೇಲೆ ಕುಳಿತು ಊಟ ಮಾಡುತ್ತಿದ್ದೆವು. ನನಗೆ ಹೊಟ್ಟೆ ಉರಿಯಿತು. ಕೆಂಪು ಡಬ್ಬದಿಂದ ಒಂದು ಬಳೆ ತೆಗೆದು, ಕಿಟಕಿಯ ಬೆಳಕಿನಲ್ಲಿಟ್ಟು, ಟ್ಯಾಗು ಕಾಣುವ ಹಾಗೆ ಫೋಟೋ ಹೊಡೆದೆ. ಕೆಳಗೆ ವಿಮರ್ಶಕರ ದನಿಯಲ್ಲಿ ಬರೆದೆ:

"ಕಲಾವಿದ: ನಲವತ್ತೇಳು. ಮಾಧ್ಯಮ: ಉಕ್ಕು, ಎಣ್ಣೆ, ವಿಷಾದ. ದುಂಡಗಿರು ಎಂಬ ಸಮಾಜದ ಒತ್ತಡವನ್ನು ಈ ಕೃತಿ ಏಕಕಾಲಕ್ಕೆ ಮೂರು ಕಡೆಯಿಂದ ನಿರಾಕರಿಸುತ್ತದೆ."

ಇಲ್ಲೊಂದು ಒಳಗುಟ್ಟು ಹೇಳಬೇಕು. ನಲವತ್ತೇಳು ಕಾಕಾನ ಟೋಕನ್ ನಂಬರು. ಬಳೆ ಮಾತ್ರ ನನ್ನದು.

ನಮ್ಮ ಶೆಡ್ಡಿನಲ್ಲಿ ಟ್ರೈನಿಯಾಗಿ ಸೇರಿದವನಿಗೆ ಮೊದಲ ಒಂದು ವರ್ಷ ನಂಬರು ಇಲ್ಲ. ಅವನು ಗುರುವಿನ ಯಂತ್ರದಲ್ಲಿ, ಗುರುವಿನ ನಂಬರಿನಡಿ ದುಡಿಯುತ್ತಾನೆ. ಒಳ್ಳೆಯ ಮಾಲು ಬಂದರೂ ಗುರುವಿನ ಲೆಕ್ಕ, ಕೆಟ್ಟ ಮಾಲು ಬಂದರೂ ಗುರುವಿನ ಲೆಕ್ಕ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಪೀಣ್ಯದಿಂದ ಜನರ ಜೊತೆಗೇ ಬಂದ ಪದ್ಧತಿ. ಬಳೆಯನ್ನು ಲೇತಿನ ಮೂರು ದವಡೆಗಳ ನಡುವೆ ಹಿಡಿಸಿ ಒಳಭಾಗ ಕೊರೆಯಬೇಕು. ಬಿಗಿ ಹೆಚ್ಚಾದರೆ ತೆಳ್ಳನೆಯ ಬಳೆ ಕಣ್ಣಿಗೆ ಕಾಣದಷ್ಟು ಮುದುಡುತ್ತದೆ. ಮುದುಡಿದ ಸ್ಥಿತಿಯಲ್ಲೇ ದುಂಡಗೆ ಕೊರೆದು ಬಿಚ್ಚಿದರೆ ಅದು ಉಸಿರು ಬಿಟ್ಟು ಮೂರು ಮೂಲೆಯಾಗುತ್ತದೆ. ನಾನು ಪ್ರತಿ ಬಳೆಯನ್ನೂ ಅದು ಓಡಿಹೋಗುತ್ತದೆಂಬ ಹಾಗೆ ಬಿಗಿಯುತ್ತಿದ್ದೆ. ಕಾಕಾ ಪ್ರತಿ ಸಲವೂ, "ಹಗೂರಕ ಹಿಡಿ ತಮ್ಮಾ, ಅದೇನ ಕಳ್ಳ ಅಲ್ಲ" ಎಂದು ಹೇಳಿ, ಟ್ಯಾಗಿನ ಮೇಲೆ ತಮ್ಮ ನಂಬರು ತಾವೇ ಬರೆಯುತ್ತಿದ್ದರು. ಹಾಗಾಗಿ ಕಲಾವಿದ ನಲವತ್ತೇಳರ ಬಹುತೇಕ ಕೃತಿಗಳ ಕರ್ತೃ ನಾನು, ವಿಮರ್ಶಕನೂ ನಾನು. ತಮ್ಮ ಪುಸ್ತಕಕ್ಕೆ ತಾವೇ ಇನ್ನೊಂದು ಹೆಸರಿನಲ್ಲಿ ವಿಮರ್ಶೆ ಬರೆದುಕೊಳ್ಳುವವರಿದ್ದಾರಂತೆ. ಆ ಪರಂಪರೆಯ ಕಿರಿಯ ಕುಡಿ ನಾನು.

ಕಾಕಾಗೆ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಮಂದಿ ನಗ್ತಾರೇನು?"

"ಸಕ್ಕತ್ ನಗ್ತಾರೆ ಕಾಕಾ."

"ನನ್ನ ನಂಬರ್ ಯಾಕ ಹಾಕೀದಿ?"

"ಟ್ಯಾಗಲ್ಲಿ ಅದೇ ಇದೆಯಲ್ಲ. ಅದೂ ಅಲ್ದೆ, ನಲವತ್ತೇಳು ಅಂದ್ರೆ ಒಂದು ತೂಕ ಇದೆ."

"ಹೌದಲ್ಲ," ಎಂದು ಕನ್ನಡಕ ಇಳಿಸಿದರು. ಅಷ್ಟೇ. ಬೇಡ ಎಂದಿದ್ದರೆ ನಿಲ್ಲಿಸುತ್ತಿದ್ದೆ ಎಂದು ನಾನು ಆಮೇಲೆ ಬಹಳ ಜನರಿಗೆ ಹೇಳಿದ್ದೇನೆ. ಅದು ಸುಳ್ಳು.

ಪುಟ ಹತ್ತಿಕೊಂಡಿತು. ಒಂದು ಬಳೆಗೆ ಎರಡು ಸಾವಿರ ಜನ, ಇನ್ನೊಂದಕ್ಕೆ ಹತ್ತು ಸಾವಿರ. ಹೊಸೂರು ರಸ್ತೆಯ ಮೇಲ್ಸೇತುವೆಯ ಕೆಳಗೆ ಕಟ್ಟಿದ್ದ ಹುಟ್ಟುಹಬ್ಬದ ಫ್ಲೆಕ್ಸಿನ ಪಕ್ಕ ಒಂದು ಬಳೆ ಹಿಡಿದು ತೆಗೆದ ಫೋಟೋ ಎಲ್ಲಕ್ಕಿಂತ ಹೆಚ್ಚು ಓಡಿತು. ಆ ಫ್ಲೆಕ್ಸಿನಲ್ಲಿ ನಾಯಕರ ಮುಖ ಬಾಗಿಲಿನಷ್ಟು, ಅವರ ಬಲಗೈ ಬಂಟರದು ಕಿಟಕಿಯಷ್ಟು, ಹಾಗೇ ಇಳಿಯುತ್ತ ಇಳಿಯುತ್ತ ಕೊನೆಯ ಸಾಲಿನ ಯುವ ಮುಖಂಡರ ಮುಖ ಅಂಚೆಚೀಟಿಯಷ್ಟು. "ನಮ್ಮ ಕಾಲದ ಭಿತ್ತಿಚಿತ್ರ. ಕಲಾವಿದನಿಗೆ ಬಣ್ಣದ ಜ್ಞಾನಕ್ಕಿಂತ ಯಾರು ಯಾರಿಗೆ ಸಿಟ್ಟಾಗುತ್ತಾರೆಂಬ ಜ್ಞಾನ ಮುಖ್ಯ. ಹೋಲಿಕೆಗೆ ಪಕ್ಕದಲ್ಲಿ ನಲವತ್ತೇಳರ ಕೃತಿ: ಮುಖವೇ ಇಲ್ಲ, ಆದ್ದರಿಂದ ಪಕ್ಷವೂ ಇಲ್ಲ" ಎಂದು ಬರೆದಿದ್ದೆ.

ಪಕ್ಷವಿಲ್ಲವೆಂದರೆ ಯಾರು ಬಿಡುತ್ತಾರೆ? ಟ್ಯಾಗು ಕೆಂಪಗಿದೆ, ಇದು ಕಾರ್ಮಿಕ ಕ್ರಾಂತಿಯ ಕರೆ ಎಂದು ಒಬ್ಬ ಅಭಿನಂದಿಸಿದ. ಟ್ಯಾಗು ಕೆಂಪಗಿದೆ, ದೇಶದ ಉತ್ಪಾದನೆಯನ್ನು ಅವಮಾನಿಸುವ ಸಂಚು ಎಂದು ಇನ್ನೊಬ್ಬ ಎಚ್ಚರಿಸಿದ. ನಲವತ್ತೇಳು ಎಂಬ ಸಂಖ್ಯೆಯಲ್ಲಿ ಸ್ವಾತಂತ್ರ್ಯದ ಇಸವಿ ಅಡಗಿದೆ ಎಂದು ಮೂರನೆಯವನು ಕಂಡುಹಿಡಿದ. ಮೂವರೂ ಇನ್ನೂರು ಸಾಲು ಜಗಳವಾಡಿದರು. ನಾಲ್ಕನೆಯವನೊಬ್ಬ ಮಾತ್ರ, "ಗುರು, ಚಂದಾಪುರದಲ್ಲಿ ಸಿಂಗಲ್ ರೂಮ್ ಇದೆಯಾ?" ಎಂದು ಕೇಳಿದ್ದ. ಇಡೀ ಚರ್ಚೆಯಲ್ಲಿ ನೆಲದ ಮೇಲೆ ನಿಂತಿದ್ದವನು ಅವನೊಬ್ಬನೇ.

ಆಮೇಲೆ ಒಬ್ಬ ಮೇಡಂ ಫೋನು ಮಾಡಿದರು. ಕುಂದಲಹಳ್ಳಿಯ ಹತ್ತಿರದ ಟೆಕ್ ಪಾರ್ಕೊಂದರ ನೆಲಮಾಳಿಗೆಯಲ್ಲಿ ಕಲಾ ವಾರ ನಡೆಸುತ್ತಾರಂತೆ. ನನ್ನ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇಡುತ್ತಾರಂತೆ.

"ನಿಮ್ಮ ಪ್ರಾಕ್ಟೀಸ್ ಬಗ್ಗೆ ಸ್ವಲ್ಪ ಹೇಳ್ತೀರಾ?"

"ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕೂವರೆ ಮೇಡಂ. ಭಾನುವಾರ ರಜ."

ಅವರು ಅದನ್ನು ಬರೆದುಕೊಂಡರು. "ಬ್ಯೂಟಿಫುಲ್," ಎಂದರು.

ಒಂದು ಶುಕ್ರವಾರ ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಸಿಲ್ಕ್ ಬೋರ್ಡಿನಲ್ಲಿ ಒಂದು ಸಣ್ಣ ನಿದ್ದೆ ಮಾಡಿ ಅಲ್ಲಿಗೆ ತಲುಪಿದೆ. ನನ್ನ ಬಳೆಗಳು ಆಳೆತ್ತರಕ್ಕೆ ಬೆಳೆದು ಗೋಡೆಯ ಮೇಲೆ ನಿಂತಿದ್ದವು. ಪಕ್ಕದ ಬರಹದಲ್ಲಿ "ಯಂತ್ರಯುಗದ ಮೌನ ಪ್ರತಿರೋಧ" ಎಂದಿತ್ತು. ಹೆಬ್ಬೆರಳಿನಷ್ಟು ಸಮೋಸ ಹಂಚುತ್ತಿದ್ದರು. ಕೊರಳಿಗೆ ಐಡಿ ಕಾರ್ಡು ತೂಗುಹಾಕಿಕೊಂಡ ಹುಡುಗನೊಬ್ಬ ಮೂರು ಮೂಲೆಯ ಬಳೆಯೊಂದರ ಮುಂದೆ ಬಹಳ ಹೊತ್ತು ನಿಂತು, "ಇದ್ರಲ್ಲಿ ಕಾರ್ಮಿಕನ ಸಿಟ್ಟು ಕಾಣ್ಸುತ್ತೆ, ಅಲ್ವಾ?" ಎಂದು ನನ್ನನ್ನು ಕೇಳಿದ. ಆ ಬಳೆ ಮಾಡಿದ ದಿನ ನಾನು ತಿಂಡಿ ತಿಂದಿರಲಿಲ್ಲ. ಆದರೂ ವಿಮರ್ಶಕರ ದನಿ ತೆಗೆದು, "ಸಿಟ್ಟಿಗಿಂತ ಹೆಚ್ಚಾಗಿ ಒಂದು ಆದಿಮ ಹಸಿವು" ಎಂದೆ. ಅವನು ತಲೆದೂಗಿದ. ನಾಲ್ಕು ಸಮೋಸ ತಿಂದೆ.

ಐದನೆಯದಕ್ಕೆ ಕೈ ಹಾಕಿದಾಗ ನಡುವಯಸ್ಸಿನ ಒಬ್ಬರು ಒಳಗೆ ಬಂದರು. ಬೇರೆಯವರೆಲ್ಲ ದೂರ ನಿಂತು ನೋಡುತ್ತಿದ್ದರೆ ಇವರು ಫೋಟೋಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಗೋಡೆಯ ಬರಹ ಓದಲಿಲ್ಲ, ಕೆಂಪು ಟ್ಯಾಗು ಓದಿದರು. ಮಾಲಿನ ನಂಬರಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದರು. ಆಮೇಲೆ ಮೆಲ್ಲಗೆ ಅಂದರು:

"ಇದು ನಮ್ಮ ಪಾರ್ಟು."

ನಮ್ಮ ಬಳೆ ಕೊಳ್ಳುವ ಆ ದೊಡ್ಡ ಪಂಪಿನ ಕಂಪನಿಯ ಗುಣಮಟ್ಟ ವಿಭಾಗದವರು ಅವರು. ಅವರ ಆಫೀಸು ಅದೇ ಕಟ್ಟಡದ ಆರನೆಯ ಮಹಡಿ. ಟೀಗೆ ಇಳಿದವರು ಸಮೋಸ ಕಂಡು ಬಂದಿದ್ದರು. ಆ ನೆಲಮಾಳಿಗೆಯಲ್ಲಿ ನನ್ನ ಕೃತಿಯನ್ನು ಸರಿಯಾಗಿ ಅರ್ಥ ಮಾಡಿಕೊಂಡ ಏಕೈಕ ರಸಿಕರು. ಒಂದೊಂದೇ ಟ್ಯಾಗಿನ ಫೋಟೋ ತೆಗೆದುಕೊಂಡರು. ಎಲ್ಲದರಲ್ಲೂ ಒಂದೇ ಮಾಲು, ಒಂದೇ ಕಾರಣ, ಒಂದೇ ನಂಬರು: ನಲವತ್ತೇಳು. ನಾನು ಐದನೆಯ ಸಮೋಸ ತಟ್ಟೆಯಲ್ಲೇ ಬಿಟ್ಟು ಹಿಂದಿನ ಬಾಗಿಲಿನಿಂದ ಹೊರಬಿದ್ದೆ.

ಶನಿವಾರ ಬೆಳಗ್ಗೆ ಮಾಲೀಕರು ಯಾರನ್ನೂ ಬೈಯಲಿಲ್ಲ. ಅದಕ್ಕೇ ಭಯವಾಗಿದ್ದು. ಲೇತಿನ ಹತ್ತಿರ ಬಂದು ಕಾಕಾನ ಹೆಗಲ ಮೇಲೆ ಕೈಯಿಟ್ಟರು.

"ಕಂಪ್ನಿಯೋರು ಸೋಮ್ವಾರ ಬತ್ತಾರಂತೆ. ನಲವತ್ತೇಳ್ನೇ ನಂಬ್ರು ಇನ್ಮೇಲೆ ಅವ್ರ ಮಾಲ್ ಮುಟ್ಟಂಗಿಲ್ವಂತೆ. ಇಲ್ಲಾಂದ್ರೆ ಆರ್ಡ್ರೇ ವಾಪಸ್ಸು ಅಂತಾರೆ. ನಮ್ತಾವ ಬ್ಯಾರೆ ಮಾಲೆಲ್ಲೈತೆ, ನೀನೇ ಯೋಚ್ನೆ ಮಾಡು. ಸದ್ಯಕ್ಕೆ ಪ್ಯಾಕಿಂಗ್ ಕಡೆ ಓಗಿರಪ್ಪ."

"ಸದ್ಯಕ್ಕ ಅಂದ್ರ ಎಷ್ಟ ದಿನಾರಿ?" ಕಾಕಾ ಕೇಳಿದರು.

ಮಾಲೀಕರು ಆಗಲೇ ಗೇಟಿನ ಕಡೆ ನಡೆದಿದ್ದರು. ಐವತ್ತೈದು ದಾಟಿದವರು ಪ್ಯಾಕಿಂಗಿಗೆ ಹೋದರೆ ಮತ್ತೆ ಯಂತ್ರಕ್ಕೆ ಬರುವುದಿಲ್ಲ ಎಂಬುದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಕಾ ಲೇತನ್ನು ಬಟ್ಟೆಯಿಂದ ಒರೆಸಿದರು, ಪ್ರತಿದಿನ ಸಂಜೆ ಒರೆಸುವ ಹಾಗೆಯೇ, ಆದರೆ ಬೆಳಗ್ಗೆ ಎಂಟೂಕಾಲಿಗೆ. ಮೂಲೆಗೆ ಹೋಗಿ ರಟ್ಟಿನ ಪೆಟ್ಟಿಗೆಗೆ ಟೇಪು ಎಳೆಯತೊಡಗಿದರು. ಮೊದಲ ಟೇಪು ಸೊಟ್ಟಗೆ ಅಂಟಿತು. ಕಿತ್ತು ಮತ್ತೆ ಅಂಟಿಸಿದರು.

ನಾನು? ನಾನು ಎಲ್ಲರ ದನಿ ತೆಗೆಯುವವನು, ಆ ದಿನ ಯಾರ ದನಿಯೂ ಬರಲಿಲ್ಲ. ಪುಟ ಅಳಿಸಿದೆ, ಅಷ್ಟೇ. ಸಂಜೆಯ ಹೊತ್ತಿಗೆ ಬೇರೆ ಕಡೆಗಳಲ್ಲಿ, "ವ್ಯವಸ್ಥೆ ಕಲಾವಿದ ನಲವತ್ತೇಳರ ಬಾಯಿ ಮುಚ್ಚಿಸಿದೆ" ಎಂದು ಒಬ್ಬ, "ದೇಶದ್ರೋಹಿಗೆ ತಕ್ಕ ಪಾಠ" ಎಂದು ಇನ್ನೊಬ್ಬ ಬರೆದುಕೊಂಡಿದ್ದರು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ಹೋರಾಡಲು ಅಷ್ಟೊಂದು ಜನ ಸಿದ್ಧರಿದ್ದರು. ಟೇಪು ಹಿಡಿದುಕೊಳ್ಳಲು ಒಬ್ಬನೂ ಇರಲಿಲ್ಲ. ನಾನೂ ಇರಲಿಲ್ಲ.

ಭಾನುವಾರ ಇಡೀ ದಿನ ರೂಮಿನಲ್ಲಿ ಬಿದ್ದುಕೊಂಡು, ಮಾಲೀಕರಿಗೆ ಹೇಗೆ ಹೇಳುವುದೆಂದು ಅಭ್ಯಾಸ ಮಾಡಿದೆ. ಬಾಯಿ ತೆರೆದರೆ ಪುಢಾರಿ ಬರುತ್ತಿದ್ದ: "ಈ ಘಟನೆಯ ನೈತಿಕ ಹೊಣೆಯನ್ನು..." ಪುಢಾರಿಗಳು ನೈತಿಕ ಹೊಣೆ ಹೊತ್ತು ಎಲ್ಲಿಗೂ ಹೋಗುವುದಿಲ್ಲ, ಅದೇ ಕುರ್ಚಿಯಲ್ಲಿ ಕೂತಿರುತ್ತಾರೆ ಎಂದು ನೆನಪಾಗಿ ಬಾಯಿ ಮುಚ್ಚಿದೆ.

ಸೋಮವಾರ ಆರನೆಯ ಮಹಡಿಯ ಆ ರಸಿಕರು ಬಂದರು. ಕೈಯಲ್ಲಿ ದಪ್ಪನೆಯ ಫೈಲು, ಅದರಲ್ಲಿ ನನ್ನ ಸಮಗ್ರ ಕೃತಿಗಳ ಬಣ್ಣದ ಪ್ರಿಂಟು. ತಪಾಸಣೆಯ ಮೇಜಿನ ಸುತ್ತ ಮಾಲೀಕರು, ಅವರು, ಕರೆಸಿಕೊಂಡ ಕಾಕಾ. ನಾನು ಕರೆಯದೆ ಹೋಗಿ ನಿಂತೆ.

"ಸಾರ್, ಆ ಬಳೆಗಳು ಕಾಕಾ ಮಾಡಿದ್ದಲ್ಲ. ನಾನು ಮಾಡಿದ್ದು."

ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದ್ಯಾರ್ ದನೀಲಾ?"

"ನಂದೇ ಸಾರ್."

"ನಿಂದೇ ಅಂತ ನಂಗೆಂಗ್ ಗೊತ್ತಾಗ್ಬೇಕು? ನಿಂದು ಯಾವತ್ ಕೇಳಿವ್ನಿ ನಾನು?"

ನ್ಯಾಯವಾದ ಪ್ರಶ್ನೆ. ಅಷ್ಟರಲ್ಲಿ ಕಾಕಾ ಬಾಯಿ ಬಿಟ್ಟರು. "ಸುಳ್ಳ ಹೇಳ್ತಾನ್ರಿ ಇಂವ. ನಂಬರ್ ನಂದ ಐತಿ, ಮಾಲೂ ನಂದ."

"ಕಾಕಾ, ಸುಮ್ನಿರಿ."

"ನೀ ಸುಮ್ನಿರಲೇ."

ತಪ್ಪು ನನ್ನದಲ್ಲವೆಂದು ಇಬ್ಬರು ಕಿತ್ತಾಡುವುದನ್ನು ಮಾಲೀಕರು ಜೀವನವಿಡೀ ಕಂಡಿದ್ದರು. ನನ್ನದು ನನ್ನದು ಎಂದು ಕಿತ್ತಾಡುವುದನ್ನು ಕಂಡು ಅವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗುಣಮಟ್ಟದವರು ಪೆನ್ನಿನ ಮುಚ್ಚಳ ಹಾಕಿ, "ಸಿಂಪಲ್ ಸಾರ್. ಅವನು ಒಂದು ಪೀಸ್ ಮಾಡ್ಲಿ, ನೋಡೋಣ" ಎಂದರು.

ಲೇತಿನ ಮುಂದೆ ನಿಂತೆ. ಇಡೀ ಶೆಡ್ಡು ಕೆಲಸ ಬಿಟ್ಟು ಬಂದು ನಿಂತಿತು. ಕೆಟ್ಟ ಬಳೆ ಮಾಡಿ ತೋರಿಸಬೇಕು, ಅಷ್ಟೇ. ಎಂಟು ತಿಂಗಳು ದಿನಾ ಮಾಡಿದ್ದ ಕೆಲಸ, ನನ್ನಷ್ಟು ಅನುಭವ ಅಲ್ಲಿ ಯಾರಿಗೂ ಇರಲಿಲ್ಲ. ಬಳೆ ಹಿಡಿಸಿದೆ, ದವಡೆ ಬಿಗಿಯುವ ಕೀಲಿ ತಿರುಗಿಸಿದೆ. ಬೆನ್ನ ಹಿಂದೆ ಕಾಕಾ ಗಂಟಲು ಸರಿಮಾಡಿಕೊಂಡರು. ಕೈ ತಾನಾಗಿಯೇ ಕಾಲು ಸುತ್ತು ಸಡಿಲಿಸಿತು. ಕೊರೆದೆ, ಬಿಚ್ಚಿದೆ. ಗುಣಮಟ್ಟದವರು ತಮ್ಮ ಜೇಬಿನಿಂದಲೇ ಅಳತೆಯ ಗೇಜು ತೆಗೆದು ಬಳೆಯೊಳಗೆ ಇಳಿಸಿದರು. ಬೆಣ್ಣೆಯೊಳಗೆ ಬೆರಳಿಳಿದ ಹಾಗೆ ಇಳಿಯಿತು. ಎರಡನೆಯದನ್ನು ಹಲ್ಲು ಕಚ್ಚಿ ಬಿಗಿದೆ. ಮತ್ತೆ ಆ ಗಂಟಲು, ಮತ್ತೆ ಆ ಕಾಲು ಸುತ್ತು. ಮೂರನೆಯದು ಮೊದಲೆರಡಕ್ಕಿಂತ ಚೆನ್ನಾಗಿತ್ತು.

"ಹುಡುಗ ಚೆನ್ನಾಗೇ ಮಾಡ್ತಾನಲ್ಲ ಸಾರ್," ಎಂದರು ಗುಣಮಟ್ಟದವರು.

"ನೋಡ್ದಾ?" ಎಂದರು ಮಾಲೀಕರು ನನಗೆ, ನಾನು ಬಳೆಯನ್ನು ಕದ್ದು ಸಿಕ್ಕಿಬಿದ್ದವನಂತೆ. ಬದುಕಿನಲ್ಲಿ ಮೊದಲ ಸಲ ಸತ್ಯ ಹೇಳಿದ್ದೆ, ಮೊದಲ ಸಲ ಒಳ್ಳೆಯ ಕೆಲಸ ಮಾಡಿದ್ದೆ, ಎರಡೂ ಒಟ್ಟಿಗೆ ಬಂದು ಒಂದನ್ನೊಂದು ಹೊಡೆದುಹಾಕಿದ್ದವು. ಕಾಕಾ ಮಾತ್ರ ಮೂರನೆಯ ಬಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇಷ್ಟೆಲ್ಲದರ ನಡುವೆಯೂ ಅವರ ಮುಖದಲ್ಲಿ ಸಂತೋಷ ಕಂಡು ನನಗೆ ಮೈ ಉರಿಯಿತು.

ಆ ಉರಿಯಲ್ಲೇ ಮೇಜಿನ ಮೇಲಿನ ಫೈಲು ನನ್ನ ಕಡೆ ತಿರುಗಿಸಿಕೊಂಡೆ. ಪ್ರಿಂಟುಗಳು ಸ್ಪಷ್ಟವಾಗಿದ್ದವು, ನನ್ನ ಫೋಟೋಗಳು ಚೆನ್ನಾಗಿರುತ್ತವೆ. ಒಂದೊಂದೇ ಟ್ಯಾಗು ಓದುತ್ತ ಹೋದೆ. ಮೂರು ಫೋಟೋಗಳಲ್ಲಿದ್ದ ತಾರೀಕು ಕಂಡು ಕೈ ನಿಂತಿತು. ಅಣ್ಣನ ಮಗಳ ಮದುವೆಗೆಂದು ಕಾಕಾ ಊರಿಗೆ ಹೋಗಿದ್ದ ದಿನಗಳು ಅವು. ಅವರಿಲ್ಲದಾಗ ನಾನೊಬ್ಬನೇ ಲೇತು ಓಡಿಸಿದ್ದೆ, ತಪ್ಪಿದಾಗ ಪದ್ಧತಿಯಂತೆ ಟ್ಯಾಗಿನ ಮೇಲೆ ನಲವತ್ತೇಳು ಎಂದೇ ಬರೆದಿದ್ದೆ.

"ಸಾರ್, ಹಾಜರಿ ಪುಸ್ತಕ ತೆಗೆಸಿ. ಈ ಮೂರು ದಿನ ಕಾಕಾ ಊರಲ್ಲಿದ್ರು."

"ಅದೆಲ್ಲ ಬ್ಯಾಡ," ಎಂದರು ಕಾಕಾ. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪುಸ್ತಕ ಬಂತು. ಆ ಮೂರು ದಿನದ ಖಾನೆಗಳಲ್ಲಿ ರಜೆ ಎಂದು ಮಾಲೀಕರ ಸ್ವಂತ ಅಕ್ಷರ. ಗುಣಮಟ್ಟದವರು ಫೋಟೋ ನೋಡಿದರು, ಪುಸ್ತಕ ನೋಡಿದರು, ಕಾಕಾನನ್ನು ನೋಡಿದರು.

"ಊರಲ್ಲಿರೋ ಮನುಷ್ಯ ಇಲ್ಲಿ ರಿಜೆಕ್ಷನ್ ಹೇಗೆ ಮಾಡ್ತಾನೆ?"

ಮಾಲೀಕರೇ ಹೇಳಬೇಕಾಯಿತು. "ಅದು ಅಂಗಲ್ಲ ಸಾರ್. ಕಲಿಯೋನಿಗೆ ನಂಬ್ರು ಇರಲ್ಲ. ಕಲ್ಸೋನ್ ನಂಬ್ರೇ ಆಕ್ತೀವಿ. ಮೊದ್ಲಿಂದ ಇಂಗೇ."

"ಅಂದ್ರೆ ಯಾರು ಏನು ಮಾಡಿದ್ರು ಅಂತ ನಿಮ್ಮ ಕಾಗದ ನೋಡಿ ಗೊತ್ತಾಗೋದೇ ಇಲ್ಲ?"

ಮಾಲೀಕರು ದೇವರ ಪಟಗಳ ಕಡೆ ನೋಡಿದರು, ಮೂರರ ಕಡೆಗೂ.

ಮುಂದಿನ ಎರಡು ಗಂಟೆ ಫಾರಮ್ಮು ತುಂಬುವುದರಲ್ಲಿ ಹೋಯಿತು. ಬೈಗುಳ ಮಾಲೀಕರ ಪಾಲಿಗೆ ಬಂತು. ಇನ್ನು ಮುಂದೆ ಕಸ ಗುಡಿಸಲು ಬಂದವನಿಗೂ ಮೊದಲ ದಿನವೇ ನಂಬರು ಕೊಡಬೇಕು, ಶೆಡ್ಡಿನೊಳಗೆ ಫೋನು ತರಬಾರದು, ನನ್ನ ಕೈಯಿಂದ ಹೊರಡುವ ಪ್ರತಿ ಬಳೆಯನ್ನೂ ಆರು ತಿಂಗಳು ಬೇರೆಯಾಗಿ ಅಳೆಯಬೇಕು. ನಲವತ್ತೇಳರ ಮೇಲಿನ ನಿಷೇಧ ಅಲ್ಲೇ ರದ್ದಾಯಿತು. ಫಾರಮ್ಮಿನಲ್ಲಿ "ಮೂಲ ಕಾರಣ" ಎಂಬ ಖಾನೆ ಇತ್ತು. ಅದರಲ್ಲಿ ನನ್ನ ಪೂರ್ತಿ ಹೆಸರು ಬರೆದರು, ಇನಿಷಿಯಲ್ ಸಮೇತ. ಕರ್ತೃತ್ವದ ವಿವಾದ ಕೊನೆಗೂ ಬಗೆಹರಿದಿತ್ತು. ಮಾಲೀಕರು ನನ್ನನ್ನು ಓಡಿಸುತ್ತಾರೆಂದುಕೊಂಡಿದ್ದೆ. "ಓಡ್ಸಿದ್ರೆ ಆ ಆರ್ ತಿಂಗ್ಳ ಅಳ್ತೆ ಕಾಗ್ದ ಯಾರ್ ಮುಗ್ಸೋರು, ನೀನೇ ಮೂಲ ಕಾರ್ಣ," ಎಂದು ಹೇಳಿ ಪಕ್ಕದ ಲೇತಿಗೆ ಹಾಕಿದರು. ನನ್ನ ನಂಬರು ಅರವತ್ಮೂರು.

ಮಧ್ಯಾಹ್ನ ಊಟಕ್ಕೆ ಮೊದಲೇ ಕಾಕಾ ತಮ್ಮ ಲೇತಿನ ಮುಂದೆ ನಿಂತಿದ್ದರು. ನಾನು ಹತ್ತಿರ ಹೋದೆ. ಏನಾದರೂ ಹೇಳುತ್ತಾರೆ, ಬೆನ್ನು ತಟ್ಟುತ್ತಾರೆ ಎಂಬ ಆಸೆ ಇತ್ತು, ಮುಚ್ಚಿಟ್ಟರೆ ಸುಳ್ಳಾಗುತ್ತದೆ.

"ಮಂದಿ ನಕ್ಕದ್ದಕ್ಕ ನಾ ಏನೂ ಅಂದಿಲ್ಲ," ಎಂದರು ಯಂತ್ರದಿಂದ ಕಣ್ಣು ತೆಗೆಯದೆ. "ಹೊರಗಿನವರ ಮುಂದ ಪುಸ್ತಕ ತಗಸಿದಿ. ನಾ ಕಲಸಾಕತ್ತಿದ್ದು ನಿನಗ. ನಿನ್ನ ತಪ್ಪ ನನ್ನ ನಂಬರದಾಗ ಇರಲಿಲ್ಲಂದ್ರ ನಾ ಮತ್ಯಾಕ ಇದ್ದೆ?"

"ಇಲ್ಲಾಂದ್ರೆ ನೀವು ಪ್ಯಾಕಿಂಗಲ್ಲೇ ಇರ್ತಿದ್ರಿ ಕಾಕಾ."

"ಇರ್ತಿದ್ದೆ," ಎಂದರು. ಆಮೇಲೆ, "ಹೋಗ್ರಿ, ನಿಮ್ಮ ಮಷೀನ್ ಕಾಯಾಕತ್ತೈತಿ."

ಹೋಗ್ರಿ. ನಿಮ್ಮ. ಎಂಟು ತಿಂಗಳು ತಮ್ಮಾ, ಲೇ, ಮಗನ ಎಂದು ಕರೆದಿದ್ದ ಬಾಯಿ ಅಂದಿನಿಂದ ನನ್ನನ್ನು ಬಹುವಚನದಲ್ಲಿ ಕೂರಿಸಿತು. ಬರ್ರಿ, ಚಾ ಕುಡೀರಿ, ಆ ಸ್ಪ್ಯಾನರ್ ತಮ್ಮದೇನ್ರಿ. ಡ್ರಿಲ್ಲಿಂಗಿನ ಅಣ್ಣ ಕೇಳಿದರು, "ಏನ್ ಮಗಾ, ಪ್ರಮೋಷನ್ನಾ?" ಬೈಗುಳವಾದರೆ ಒಂದು ದಿನಕ್ಕೆ ಮುಗಿಯುತ್ತದೆ. ಮರ್ಯಾದೆಯನ್ನು ಎಷ್ಟು ದಿನ ಬೇಕಾದರೂ ಕೊಡಬಹುದು, ಖರ್ಚಾಗುವುದಿಲ್ಲ. ನಾನು ಎಲ್ಲರನ್ನೂ ಅಣಕಿಸಿ ನೋಯಿಸಿದ್ದೇನೆಂದು ಬೀಗುತ್ತಿದ್ದವನು. ಒಂದು "ರಿ" ಸೇರಿಸಿ ಮನುಷ್ಯನನ್ನು ಹೀಗೆ ಹಿಂಡಬಹುದೆಂದು ಗೊತ್ತಿರಲಿಲ್ಲ.

ಹೀಗೆ ಮೂರು ವಾರ. ನಾಲ್ಕನೆಯ ವಾರ ಒಂದು ಬೆಳಗ್ಗೆ, ತೋಳು ಮಡಚುವುದನ್ನು ಮರೆತು ಉದ್ದ ತೋಳಿನ ಅಂಗಿಯಲ್ಲೇ ತಿರುಗುವ ಯಂತ್ರದ ಮೇಲೆ ಬಾಗಿದೆ. ಹಿಂದಿನಿಂದ ಯಾರೋ ಕಾಲರ್ ಹಿಡಿದು ನನ್ನನ್ನು ಎರಡು ಮಾರು ಹಿಂದಕ್ಕೆ ಎಳೆದರು. ಕುಂಡೆ ನೆಲಕ್ಕೆ ತಾಗಿತು.

"ಲೇ ಹುಚ್ಚಪ್ಯಾಲಿ, ಕೈ ಬ್ಯಾಡೇನಲೇ ನಿನಗ? ಮೊದಲ ದಿನಾ ಹೇಳೀನಿ, ತೋಳ ಮ್ಯಾಲ ಮಾಡು ಅಂತ..."

ಕಾಕಾ ಇನ್ನೂ ಕಾಲರ್ ಬಿಟ್ಟಿರಲಿಲ್ಲ. ಇಡೀ ಶೆಡ್ಡು ನಮ್ಮ ಕಡೆ ನೋಡುತ್ತಿತ್ತು. ಅವರಿಗೂ ಅದು ಅರಿವಾಯಿತು. ಕಾಲರ್ ಬಿಟ್ಟು, ನನ್ನ ಎರಡೂ ತೋಳುಗಳನ್ನು ಮೊಣಕೈವರೆಗೆ ತಾವೇ ಮಡಚಿದರು, ಬಿಗಿಯಾಗಿ, ರಕ್ತ ನಿಲ್ಲುವಷ್ಟು. ಆಮೇಲೆ ಅಂಗಿಯ ಧೂಳು ಕೊಡವಿ, ಮುಖ ಬೇರೆ ಕಡೆ ತಿರುಗಿಸಿ, "ಏಳ್ರಿ ಇನ್ನ," ಎಂದು ತಮ್ಮ ಲೇತಿಗೆ ಹೋದರು.

ನಾನು ಎದ್ದೆ. ಆ ದಿನ ಸಂಜೆಯವರೆಗೂ ತೋಳು ಬಿಚ್ಚಲಿಲ್ಲ.